ಆಟ ಮುಗಿದ ಮೇಲೆ ಎಲ್ಲಿ ತಿಂತಿದ್ರಿ? ಕಂಪನಿ ನಾಟಕದ ಮಾತು ಮುಚ್ಚಿಹೋದ ಹೋಟೆಲಿನ ಮುಂದೆ ಬಂದು ನಿಲ್ಲೋದು ಯಾಕೆ

ದಾವಣಗೆರೆ: ಅರವತ್ತು ದಾಟಿದ ಇಬ್ಬರು ನಾಟಕದ ಹುಚ್ಚಿನವರು ಒಂದು ಕಟ್ಟೆ ಮೇಲೆ ಕೂತರೆ ಮಾತು ಹೇಗೆ ಹೋಗುತ್ತೆ ಗಮನಿಸಿ ನೋಡಿ. ಮೊದಲು ಒಂದು ರಂಗಗೀತೆ ಬರುತ್ತೆ, ಒಬ್ಬರು ಗುನುಗ್ತಾರೆ, ಇನ್ನೊಬ್ಬರು ಸಾಲು ತಿದ್ದುತಾರೆ. ಆಮೇಲೆ ಅದನ್ನ ಹಾಡಿದ ನಟ ಯಾರು ಅನ್ನೋ ಜಗಳ. ಆಮೇಲೆ ಡೇರೆ ಎಲ್ಲಿ ಹಾಕಿದ್ರು ಅನ್ನೋ ಪ್ರಶ್ನೆ. ಅಲ್ಲಿಗೆ ಬಂದ ಕೂಡಲೇ ಮಾತು ತಟ್ಟನೆ ಹೋಟೆಲಿಗೆ ಹೊರಳುತ್ತೆ. "ಆಟ ಬಿಟ್ಟ ಮೇಲೆ ಆ ಮೂಲೆ ಹೋಟೆಲಲ್ಲಿ ಬಿಸಿ ಬಿಸಿ ತಿಂತಿದ್ವಲ್ಲ, ಈಗ ಅಲ್ಲಿ ಮೊಬೈಲ್ ಅಂಗಡಿ ಆಗಿದೆ" ಅನ್ನೋ ಮಾತು ಬಂದೇ ಬರುತ್ತೆ.

ದಾವಣಗೆರೆ, ಹುಬ್ಬಳ್ಳಿ, ಗದಗ, ಬೆಳಗಾವಿ, ಎಲ್ಲಿ ಕೇಳಿದ್ರೂ ಇದೇ ಜಾಡು. ನಾಟಕ ನೋಡಿದವರು ನಾಟಕದ ಬಗ್ಗೆ ಮಾತಾಡೋದು ಸರಿ. ಅದರ ಜೊತೆ ಮುಚ್ಚಿಹೋದ ಹೋಟೆಲು, ಖಾನಾವಳಿಗಳ ಮಾತು ಯಾಕೆ ಬರಬೇಕು? ಇದು ಬರೀ ಬಾಯಿಚಪಲವಾ? ಅಲ್ಲ. ಆಗಿನ ನಾಟಕ ನಡೀತಿದ್ದ ರೀತಿಯಲ್ಲೇ ಇದಕ್ಕೆ ಕಾರಣ ಇದೆ. ಅದನ್ನ ಒಂದೊಂದಾಗಿ ಬಿಡಿಸಿ ನೋಡೋಣ.

ಮೊದಲು, ಕಂಪನಿ ನಾಟಕ ಅಂದ್ರೆ ಏನು?

ಇವತ್ತಿನ ಹುಡುಗರಿಗೆ ನಾಟಕ ಅಂದ್ರೆ ರಂಗಮಂದಿರದಲ್ಲಿ ಒಂದೂವರೆ ಗಂಟೆ ನಡೆದು, ಎಂಟೂವರೆಗೆ ಮನೆ ಸೇರಿಸೋ ಕಾರ್ಯಕ್ರಮ. ಕಂಪನಿ ನಾಟಕದ ಲೆಕ್ಕ ಬೇರೆ. ಅದು ವೃತ್ತಿ. ನಟರು, ಹಾಡುಗಾರರು, ಹಾರ್ಮೋನಿಯಂ ಮಾಸ್ತರು, ಪರದೆ ಬಿಡಿಸುವವರು, ಗೇಟ್ ಕಾಯುವವರು, ಅಡುಗೆಯವರು ಎಲ್ಲ ಸೇರಿ ಒಂದು ಊರೇ ಇನ್ನೊಂದು ಊರಿಗೆ ಬಂದು ಇಳಿದ ಹಾಗೆ. ಬಂದವರು ತಗಡು, ಬಿದಿರು, ಡೇರೆ ಬಟ್ಟೆಯಿಂದ ಥಿಯೇಟರ್ ಕಟ್ಟಿ ತಿಂಗಳುಗಟ್ಟಲೆ ಉಳೀತಿದ್ರು. ಅದಕ್ಕೆ "ಕ್ಯಾಂಪು" ಅಂತ ಹೆಸರು. ಕಲೆಕ್ಷನ್ ಚೆನ್ನಾಗಿದ್ರೆ ಕ್ಯಾಂಪು ಉದ್ದ, ಇಲ್ಲದಿದ್ರೆ ಗಂಟುಮೂಟೆ.

ಈ ನಾಟಕಗಳ ಜೀವ ಹಾಡು. ನಾಂದಿಯಿಂದ ಮಂಗಳದ ತನಕ ಹಾಡೇ ಹಾಡು. ರಾಜನಿಗೆ ಸಿಟ್ಟು ಬಂದ್ರೂ ಹಾಡು, ರಾಣಿ ಅತ್ತರೂ ಹಾಡು. ಪಾತ್ರ ಸಿಗೋಕೆ ಮುಖ ಚೆಂದ ಇದ್ದರೆ ಸಾಲದು, ಶಾರೀರ ಬೇಕಿತ್ತು. ಮಲ್ಲಿಕಾರ್ಜುನ ಮನ್ಸೂರರು, ಬಸವರಾಜ ರಾಜಗುರು ಅವರಂಥ ಗಾಯಕರು ಎಳೆ ವಯಸ್ಸಲ್ಲಿ ನಾಟಕ ಕಂಪನಿಯಲ್ಲಿ ಹಾಡಿದವರೇ. ಬಿ.ವಿ. ಕಾರಂತರು ಹುಡುಗರಾಗಿದ್ದಾಗ ಗುಬ್ಬಿ ಕಂಪನಿ ಸೇರಿದ್ರು. ಆಮೇಲೆ ಹೊಸ ನಾಟಕಗಳಿಗೆ ಅವರು ಕೊಟ್ಟ ಸಂಗೀತದಲ್ಲಿ ಆ ಕಂಪನಿಯ ಪಾಠ ಕೇಳಿಸುತ್ತೆ ಅಂತ ಬಲ್ಲವರು ಹೇಳ್ತಾರೆ.

ಉತ್ತರ ಕರ್ನಾಟಕದ ಮಟ್ಟಿಗೆ ಈ ಹಾಡಿನ ನಾಟಕ ಮರಾಠಿ ರಂಗಭೂಮಿಯ ಜೊತೆ ಕೊಡು-ಕೊಳ್ಳು ಮಾಡ್ಕೊಂಡೇ ಬೆಳೆದದ್ದು. 1843ರಲ್ಲಿ ಸಾಂಗ್ಲಿಯಲ್ಲಿ ವಿಷ್ಣುದಾಸ ಭಾವೆಯವರು ನಾಟಕ ಆಡಿಸಿದ್ದು ಕರ್ನಾಟಕದಿಂದ ಹೋದ ಮೇಳದ ಆಟದ ಪ್ರೇರಣೆಯಿಂದ. 1880ರಲ್ಲಿ "ಸಂಗೀತ ಶಾಕುಂತಲ" ಆಡಿಸಿ ಮರಾಠಿ ಸಂಗೀತ ನಾಟಕಕ್ಕೆ ದಾರಿ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ಈಗಿನ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಮರಾಠಿ ಕಂಪನಿಗಳು ನಮ್ಮ ಊರುಗಳಲ್ಲಿ ದುಡ್ಡು ಬಾಚೋದು ನೋಡಿ, ಕನ್ನಡದ್ದೇ ನಾಟಕ ಬೇಕು ಅಂತ ಗದಗಿನಲ್ಲಿ ಮಂಡಳಿ ಕಟ್ಟಿದವರು ಶಾಂತಕವಿಗಳು. ದಕ್ಷಿಣದಲ್ಲಿ 1884ರಲ್ಲಿ ಗುಬ್ಬಿ ಕಂಪನಿ ಶುರುವಾಯ್ತು. ಮುಂದೆ ಗುಬ್ಬಿ ವೀರಣ್ಣನವರ ಕೈಗೆ ಬಂದ ಮೇಲೆ ಅದು ಎಷ್ಟು ದೊಡ್ಡದಾಯ್ತು ಅಂದ್ರೆ, 1934ರ "ಕುರುಕ್ಷೇತ್ರ"ದಲ್ಲಿ ನಿಜವಾದ ಆನೆ, ಕುದುರೆಗಳನ್ನೇ ತಂದ್ರು.

ದಾವಣಗೆರೆ ಈ ನಕ್ಷೆಯಲ್ಲಿ ಸಣ್ಣ ಊರಲ್ಲ. ಚಿಂದೋಡಿ ವೀರಪ್ಪನವರ ಕೆಬಿಆರ್ ಡ್ರಾಮಾ ಕಂಪನಿ ಇಲ್ಲಿಯದು. ಅವರ ಮಗಳು ಚಿಂದೋಡಿ ಲೀಲಾ ಅದನ್ನ ಮುಂದೆ ನಡೆಸಿ, 1988ರಲ್ಲಿ ಪದ್ಮಶ್ರೀ ಪಡೆದು, 2010ರಲ್ಲಿ ತೀರಿಕೊಂಡ್ರು. "ಪೊಲೀಸನ ಮಗಳು" ಅಂದ್ರೆ ಈಗಲೂ ಹಳಬರ ಕಣ್ಣು ಅರಳುತ್ತೆ. ಬೇರೆ ಊರಿನ ಕಂಪನಿಗಳಿಗೂ ದಾವಣಗೆರೆ ಕ್ಯಾಂಪು ಅಂದ್ರೆ ಆಸೆ. ಯಾಕಂದ್ರೆ ಇಲ್ಲಿ ಹತ್ತಿ ಗಿರಣಿಗಳಿದ್ವು, ಮಂಡಿಪೇಟೆ ಇತ್ತು, ರೈಲು ಇತ್ತು. ಪಾಳಿ ಮುಗಿಸಿ ಬರೋ ಕಾರ್ಮಿಕ, ಕಾಳು ಮಾರಿ ಜೇಬಲ್ಲಿ ಹಣ ಇಟ್ಕೊಂಡ ರೈತ, ಲೆಕ್ಕ ಮುಗಿಸಿದ ಗುಮಾಸ್ತ, ಮೂವರೂ ರಾತ್ರಿ ಟಿಕೆಟ್ ಕೌಂಟರ್ ಮುಂದೆ ಸಿಗ್ತಿದ್ರು.

ಹಾಡಿಗೂ ಹೋಟೆಲಿಗೂ ಏನು ಸಂಬಂಧ?

ಸಂಬಂಧ ಇರೋದು ಗಡಿಯಾರದಲ್ಲಿ.

ಹಿಂದೆ ಆಟ ಶುರುವಾಗ್ತಿದ್ದದ್ದೇ ರಾತ್ರಿ ಒಂಬತ್ತೂವರೆ, ಹತ್ತಕ್ಕೆ. ಮುಗಿಯೋದು ಎರಡೋ ಮೂರೋ. ಕರಪತ್ರದಲ್ಲಿ ಹಾಕಿದ ಸಮಯಕ್ಕೆ ಮುಗಿಯೋ ಮಾತೇ ಇಲ್ಲ, ಯಾಕಂದ್ರೆ "ವನ್ಸ್ ಮೋರ್" ಇತ್ತು. ಹಾಡು ಹಿಡಿಸಿದ್ರೆ ಜನ ಶಿಳ್ಳೆ ಹಾಕಿ, ಕೂಗಿ, ಅದೇ ಹಾಡನ್ನ ಮತ್ತೆ ಹಾಡಿಸ್ತಿದ್ರು. ಸತ್ತು ಬಿದ್ದ ಪಾತ್ರ ಎದ್ದು ನಿಂತು ಇನ್ನೊಮ್ಮೆ ಹಾಡಿ ಮತ್ತೆ ಸಾಯ್ತಿತ್ತು ಅನ್ನೋ ತಮಾಷೆಯನ್ನ ಹಳಬರು ಈಗಲೂ ಹೇಳಿ ನಗ್ತಾರೆ. ಒಂದು ರಾತ್ರಿಗೆ ನಾಲ್ಕಾರು ವನ್ಸ್ ಮೋರ್ ಬಿದ್ದರೆ ಆಟ ಅರ್ಧ ಗಂಟೆ ಮುಂದಕ್ಕೆ ಹೋದಂಗೆ.

ಈಗ ಲೆಕ್ಕ ಹಾಕಿ. ಸಂಜೆ ಏಳಕ್ಕೆ ಮನೇಲಿ ಉಂಡು ಬಂದವನಿಗೆ ರಾತ್ರಿ ಒಂದಕ್ಕೆ ಹೊಟ್ಟೆ ಕರೆಯುತ್ತೆ. ಹಳ್ಳಿಯಿಂದ ಗಾಡಿ ಕಟ್ಟಿಕೊಂಡು ಬಂದವರಿಗೆ ಆ ಹೊತ್ತಲ್ಲಿ ವಾಪಸ್ ಹೋಗೋ ದಾರಿ ಇಲ್ಲ. ಬಸ್ಸಿಗೆ ಬಂದವರಿಗೆ ಮೊದಲ ಬಸ್ಸು ಬೆಳಗಿನ ಜಾವಕ್ಕೆ. ಅಲ್ಲಿಯ ತನಕ ಕೂರೋಕೆ, ಕಾಯೋಕೆ, ನೋಡಿದ್ದನ್ನ ಮಾತಾಡೋಕೆ ಒಂದು ಜಾಗ ಬೇಕು. ಆ ಜಾಗವೇ ಹೋಟೆಲು. ಮಧ್ಯಂತರಕ್ಕೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಚಹಾ. ಆಟ ಬಿಟ್ಟ ಮೇಲೆ ಒಲೆ ಮೇಲಿನ ದೋಸೆ ಇಲ್ಲಾ ಉಪ್ಪಿಟ್ಟು. ಜಗಲಿ ಮೇಲೆ ಟವೆಲ್ ಹಾಸಿ ಒಂದು ನಿದ್ದೆ. ಆಮೇಲೆ ಬಸ್ಸು.

ಕಂಪನಿಯವರಿಗೂ ಹೋಟೆಲು ಬೇಕಿತ್ತು. ದೊಡ್ಡ ಕಂಪನಿಗಳಲ್ಲಿ ಸ್ವಂತ ಅಡುಗೆಯವರಿದ್ರು, ಊಟ ಕಂಪನಿ ಮನೆಯಲ್ಲೇ. ಆದ್ರೆ ಬಣ್ಣ ಹಚ್ಕೊಂಡು ಕೂತ ನಟನಿಗೆ ಚಹಾ ಹೊರಗಿನಿಂದಲೇ ಬರಬೇಕು. ಅದಕ್ಕೆ ಹೋಟೆಲಿನಲ್ಲಿ ಕಂಪನಿ ಹೆಸರಲ್ಲಿ ಉದ್ರಿ ಖಾತೆ. ಹೋಟೆಲಿನವರು ಕಂಪನಿಯನ್ನ ನಂಬಿ ಉದ್ರಿ ಕೊಡ್ತಿದ್ರು, ಕಂಪನಿ ಜನರನ್ನ ಕರೆತಂದು ಹೋಟೆಲು ತುಂಬಿಸ್ತಿತ್ತು. ಕರಪತ್ರ ಅಂಟಿಸೋಕೆ ಹೋಟೆಲಿನ ಗೋಡೆ, ಅದಕ್ಕೆ ಬದಲಾಗಿ ಮಾಲೀಕನಿಗೆ ಎರಡು ಪಾಸು. ಮಳೆ ಹಿಡಿದು, ತಗಡಿನ ಸದ್ದಿಗೆ ಹಾಡು ಕೇಳಿಸದೆ, ಕಲೆಕ್ಷನ್ ಬಿದ್ದು, ಕಂಪನಿ ಪರದೆ-ಒಡವೆ ಅಡವಿಟ್ಟು ಊರು ಬಿಡೋ ಸ್ಥಿತಿ ಬಂದ್ರೆ ಉದ್ರಿ ಖಾತೆಯೂ ಮುಳುಗ್ತಿತ್ತು. ಅಂದ್ರೆ ಲಾಭ ನಷ್ಟ ಎರಡರಲ್ಲೂ ಹೋಟೆಲು ಪಾಲುದಾರ.

ಬೆಣ್ಣೆದೋಸೆ ಎಲ್ಲಿ ಹುಟ್ಟಿತು ಗೊತ್ತಾ?

ಈ ಸಂಬಂಧಕ್ಕೆ ಬೇರೆ ಸಾಕ್ಷಿ ಬೇಕಾಗಿಲ್ಲ. ದಾವಣಗೆರೆಯ ಹೆಸರನ್ನ ಊರೂರಿಗೆ ಒಯ್ದ ಬೆಣ್ಣೆದೋಸೆಯ ಕತೆಯನ್ನೇ ತಗೊಳ್ಳಿ.

ಎಲ್ಲರೂ ಹೇಳಿಕೊಂಡು ಬಂದ ಪ್ರಕಾರ, 1928ರ ಸುಮಾರಿಗೆ ಬೆಳಗಾವಿ ಜಿಲ್ಲೆಯ ಬಿಡ್ಕಿ ಅನ್ನೋ ಹಳ್ಳಿಯಿಂದ ಚೆನ್ನಮ್ಮ ಅನ್ನೋರು ಮಕ್ಕಳನ್ನ ಕಟ್ಟಿಕೊಂಡು ದಾವಣಗೆರೆಗೆ ಬಂದ್ರು. ವಸಂತ ಟಾಕೀಸ್ ಹತ್ತಿರ ಇದ್ದ ಸವಳಗಿ ನಾಟಕ ಥಿಯೇಟರಿನ ಮುಂದೆ ಒಲೆ ಹಚ್ಚಿ ದೋಸೆ ಮಾರೋಕೆ ಶುರು ಮಾಡಿದ್ರು. ಆಗ ಹಾಕ್ತಿದ್ದದ್ದು ರಾಗಿ ಹಿಟ್ಟಿನ ದೋಸೆ. 1938ರ ಹೊತ್ತಿಗೆ ಅವರ ಮಕ್ಕಳು ಅಕ್ಕಿ ಹಿಟ್ಟಿಗೆ ಬದಲಾಯಿಸಿ, ಮೇಲೆ ಧಾರಾಳ ಬೆಣ್ಣೆ ಹಾಕಿ, ಆಲೂಗಡ್ಡೆ ಪಲ್ಯ, ಕಾಯಿ ಚಟ್ನಿ ಜೊತೆ ಕೊಡೋಕೆ ಹತ್ತಿದ್ರು. ಇವತ್ತಿನ ಬೆಣ್ಣೆದೋಸೆ ಅಲ್ಲಿಂದ ಬಂದದ್ದು.

ಇಲ್ಲಿ ಗಮನಿಸಬೇಕಾದ್ದು ಜಾಗ. ಊರಿಗೆ ಹೊಸಬರಾಗಿ ಬಂದ, ಕೈಯಲ್ಲಿ ಬಂಡವಾಳ ಇಲ್ಲದ ತಾಯಿಯೊಬ್ಬರು ಒಲೆ ಹಚ್ಚೋಕೆ ನಾಟಕ ಥಿಯೇಟರಿನ ಎದುರನ್ನೇ ಆರಿಸಿದ್ರು. ದಿನಾ ರಾತ್ರಿ ಜನ ಸೇರೋ ಜಾಗ, ಹಸಿದು ಹೊರಗೆ ಬರೋ ಜಾಗ ಅದು. ನಾಟಕದ ಗಿರಾಕಿಯೇ ದೋಸೆಯ ಮೊದಲ ಗಿರಾಕಿ.

ಇವತ್ತು ಸವಳಗಿ ಥಿಯೇಟರಿನ ಹೆಸರು ಹೆಚ್ಚಿನವರ ಕಿವಿಗೆ ಬೀಳೋದು ಈ ದೋಸೆಯ ಕತೆ ಹೇಳುವಾಗ ಮಾತ್ರ. ಅಲ್ಲಿ ಯಾವ ಕಂಪನಿ ಆಡಿತು, ಯಾವ ಹಾಡಿಗೆ ವನ್ಸ್ ಮೋರ್ ಬಿತ್ತು ಅನ್ನೋದು ಬೆಣ್ಣೆದೋಸೆ ತಿನ್ನೋ ಯಾರ ನೆನಪಲ್ಲೂ ಇಲ್ಲ. ಆದ್ರೂ ಒಂದು ನಾಟಕ ಥಿಯೇಟರಿನ ಹೆಸರು ಅಷ್ಟು ವರ್ಷ ಬದುಕಿದ್ದು ಎದುರಿಗಿದ್ದ ಒಂದು ಒಲೆಯ ದೆಸೆಯಿಂದ.

ಡೇರೆ ಕಿತ್ತ ಮೇಲೆ ಏನು ಉಳಿಯುತ್ತೆ?

ನಾಟಕಪ್ರಿಯರ ಮಾತು ಹೋಟೆಲಿಗೆ ಹೊರಳೋದಕ್ಕೆ ಮುಖ್ಯ ಕಾರಣ ಇಲ್ಲೇ ಇದೆ.

ಸಿನಿಮಾ ನೋಡಿದವರಿಗೆ ತೋರಿಸೋಕೆ ಟಾಕೀಸ್ ಇತ್ತು. ಈಗ ಅದು ಮದುವೆ ಛತ್ರವೋ ಶೋರೂಮೋ ಆಗಿದ್ರೂ "ಇದೇ ಜಾಗ" ಅಂತ ಬೆರಳು ಮಾಡಬಹುದು. ಕಂಪನಿ ನಾಟಕಕ್ಕೆ ಆ ಭಾಗ್ಯ ಇಲ್ಲ. ಕ್ಯಾಂಪು ಮುಗಿದ ಮರುದಿನ ತಗಡು ಬಿಚ್ಚಿ, ಬಿದಿರು ಕಟ್ಟಿ, ಲಾರಿಗೆ ಹಾಕಿದ್ರೆ ಮೈದಾನ ಮೈದಾನವೇ. ಗುಂಡಿ ತೋಡಿದ ಗುರುತು ಒಂದು ಮಳೆಗೆ ಮುಚ್ಚಿಹೋಗುತ್ತೆ.

ಹಾಗಾಗಿ ಮೂರು ತಿಂಗಳು ಊರನ್ನೇ ಹಿಡಿದಿಟ್ಟ ನಾಟಕಕ್ಕೆ ವಿಳಾಸವೇ ಇಲ್ಲ. ಆ ರಾತ್ರಿಗಳಿಗೆ ಇದ್ದ ಒಂದೇ ಖಾಯಂ ಗುರುತು ಪಕ್ಕದ ಹೋಟೆಲು. ಅದೇ ಮೇಜು, ಅದೇ ಗಲ್ಲಾ, ಅದೇ ಹೊಗೆ ಹಿಡಿದ ಗೋಡೆ. ಕಂಪನಿ ಹೋದ ಮೇಲೂ ಹೋಟೆಲು ಇರ್ತಿತ್ತು. ಮುಂದಿನ ವರ್ಷ ಬೇರೆ ಕಂಪನಿ ಬಂದಾಗ ಜನ ಮತ್ತೆ ಅಲ್ಲೇ ಕೂತು ಹೋದ ವರ್ಷದ ಕಂಪನಿ ಜೊತೆ ತೂಗಿ ನೋಡ್ತಿದ್ರು. ಯಾವ ನಟ ಶ್ರುತಿ ತಪ್ಪಿದ, ಯಾವ ನಟಿ ಸ್ಥಾಯಿ ಏರಿಸಿದಳು, ಯಾರ ಹಾಸ್ಯ ಈ ಸಲ ಹಳಸಿತು, ಎಲ್ಲ ತೀರ್ಮಾನ ಆಗ್ತಿದ್ದದ್ದು ಅಲ್ಲೇ. ನಾಟಕದ ವಿಮರ್ಶೆ ಪತ್ರಿಕೆಯಲ್ಲಿ ಬರೋದಕ್ಕೂ ಮೊದಲು ಹೋಟೆಲಿನ ಬೆಂಚಿನ ಮೇಲೆ ಮುಗಿದಿರ್ತಿತ್ತು. ಮರುದಿನ ಡೇರೆ ತುಂಬುತ್ತೋ ಖಾಲಿ ಹೊಡೆಯುತ್ತೋ ಅನ್ನೋದನ್ನ ಆ ಬೆಂಚಿನ ಮಾತೇ ನಿರ್ಧರಿಸ್ತಿತ್ತು ಅಂದ್ರೂ ತಪ್ಪಿಲ್ಲ.

ಅದಕ್ಕೇ ಆ ಹೋಟೆಲು ಮುಚ್ಚಿದಾಗ ನಾಟಕಪ್ರಿಯನಿಗೆ ಎರಡನೇ ಸಲ ಡೇರೆ ಕಿತ್ತಂಗೆ ಆಗುತ್ತೆ. ಮೊದಲ ಸಲ ಕಿತ್ತಾಗ ಮುಂದಿನ ವರ್ಷ ಬರ್ತಾರೆ ಅನ್ನೋ ನಂಬಿಕೆ ಇತ್ತು. ಎರಡನೇ ಸಲ ಅದೂ ಇಲ್ಲ.

ಹಾಗಾದ್ರೆ ಹೋಟೆಲುಗಳು ಯಾಕೆ ಮುಚ್ಚಿದ್ವು?

ನಾಟಕ ನಿಂತದ್ದಕ್ಕೆ ಹೋಟೆಲು ಮುಚ್ಚಿತು ಅಂತ ಒಂದೇ ಮಾತಲ್ಲಿ ಹೇಳಿಬಿಡೋದು ಸುಲಭ. ಪೂರ್ತಿ ನಿಜ ಅಲ್ಲ. ಹಲವು ಏಟು ಒಟ್ಟಿಗೆ ಬಿದ್ವು.

ಮೊದಲನೇದು ರಾತ್ರಿ. ಸಿನಿಮಾ, ಆಮೇಲೆ ಟಿವಿ, ವಿಡಿಯೋ ಬಂದ ಮೇಲೆ ಕ್ಯಾಂಪುಗಳು ಚಿಕ್ಕದಾದ್ವು. ನಾಟಕಗಳೂ ಮೊಟಕಾಗಿ, ಸಂಜೆ ಒಂದು, ರಾತ್ರಿ ಒಂದು ಅಂತ ಎರಡು ಆಟಕ್ಕೆ ಹೊಂದಿಕೊಂಡ್ವು. ಹಾಡು ಕಡಿಮೆಯಾಗಿ ಹಾಸ್ಯ ಜಾಸ್ತಿ ಆಯ್ತು, ವನ್ಸ್ ಮೋರ್ ಕಮ್ಮಿ ಆಯ್ತು. ನಡುರಾತ್ರಿ ಹಸಿದು ಬರೋ ಗಿರಾಕಿ ಕರಗಿದ. ಮೇಲಿಂದ ಹನ್ನೊಂದರ ಹೊತ್ತಿಗೆ ಬಾಗಿಲು ಹಾಕಿಸೋ ಪೊಲೀಸ್ ಜೀಪು ಬೇರೆ.

ಎರಡನೇದು ಗಿರಣಿ. ದಾವಣಗೆರೆಯಲ್ಲಿ ಹತ್ತಿ ಗಿರಣಿಗಳು ಒಂದೊಂದಾಗಿ ನಿಂತಾಗ ಪಾಳಿ ಮುಗಿಸಿ ಬರೋ ಕಾರ್ಮಿಕನೂ ನಿಂತ. ಆತ ನಾಟಕಕ್ಕೂ ಗಿರಾಕಿ, ಹೋಟೆಲಿಗೂ ಗಿರಾಕಿ. ಒಂದೇ ಏಟಿಗೆ ಎರಡೂ ಕಡೆ ಕುರ್ಚಿ ಖಾಲಿ.

ಮೂರನೇದು ಮನೆ ಒಳಗಿನ ಕತೆ. ಹಳೇ ಹೋಟೆಲು ಅಂದ್ರೆ ಹಳೇ ಬಾಡಿಗೆ. ಕಟ್ಟಡದ ಯಜಮಾನ ತೀರಿಕೊಂಡು ಮಕ್ಕಳು ಪಾಲಾದ ಕೂಡಲೇ ಮೊದಲು ಬರೋದು "ಜಾಗ ಖಾಲಿ ಮಾಡಿ" ಅನ್ನೋ ನೋಟಿಸು. ಹೋಟೆಲು ನಡೆಸೋರ ಮಕ್ಕಳೂ ಓದಿ ಬೆಂಗಳೂರಿಗೆ ಹೋದ್ರು. ಬೆಳಗಿನ ನಾಲ್ಕಕ್ಕೆ ಎದ್ದು ಹಿಟ್ಟು ರುಬ್ಬೋ ಕೆಲಸವನ್ನ ಮಗ ಮಾಡಲಿ ಅಂತ ಯಾವ ಅಪ್ಪನೂ ಬಯಸಲ್ಲ. ಅದರ ನಡುವೆ ರಸ್ತೆ ಅಗಲೀಕರಣ. ಮುಂದಿನ ಜಗಲಿ ಹೋದ ಮೇಲೆ ಎಷ್ಟೋ ಹೋಟೆಲುಗಳಿಗೆ ಉಳಿದದ್ದು ಅಡುಗೆ ಮನೆ ಮಾತ್ರ.

ನಾಲ್ಕನೇದು ಕೈ. ಹಾಡಿಗೆ ಹಾರ್ಮೋನಿಯಂ ಮಾಸ್ತರರ ನೋಟ್‌ಬುಕ್ ಇತ್ತು. ಗೇಟಿನ ಹತ್ತಿರ ಮಾರೋ ಹಾಡಿನ ಪುಸ್ತಕ ಇತ್ತು. ಕೆಲವಕ್ಕೆ ಗ್ರಾಮಾಫೋನ್ ಪ್ಲೇಟ್ ಇತ್ತು. ಪಲ್ಯಕ್ಕೆ, ಸಾಂಬಾರಿಗೆ, ಚಟ್ನಿಗೆ ಅದ್ಯಾವುದೂ ಇಲ್ಲ. ಭಟ್ಟರ ಕೈಅಳತೆಯೇ ಲೆಕ್ಕ. ಭಟ್ಟರು ಹೋದ್ರೆ ರುಚಿ ಹೋಯ್ತು, ರುಚಿ ಹೋದ್ರೆ ಬೋರ್ಡು ಇದ್ದೂ ಇಲ್ಲದಂಗೆ.

ಹಾಗಾದ್ರೆ ಬೆಣ್ಣೆದೋಸೆ ಹೇಗೆ ಉಳೀತು? ಅದು ಗಿರಾಕಿ ಬದಲಾಯಿಸ್ತು. 1965ರಲ್ಲಿ ಜೆಜೆಎಂ ಮೆಡಿಕಲ್ ಕಾಲೇಜು, 1979ರಲ್ಲಿ ಬಿಐಇಟಿ ಎಂಜಿನಿಯರಿಂಗ್ ಕಾಲೇಜು ಅಂತ ದಾವಣಗೆರೆ ವಿದ್ಯಾರ್ಥಿಗಳ ಊರಾಯ್ತು. ನಾಟಕದ ಗಿರಾಕಿ ಹೋದ ಜಾಗಕ್ಕೆ ಹಾಸ್ಟೆಲ್ ಹುಡುಗರು ಬಂದ್ರು. ಆ ಹುಡುಗರು ಓದು ಮುಗಿಸಿ ಹೋದ ಊರಲ್ಲೆಲ್ಲ ದೋಸೆಯ ಸುದ್ದಿ ಹರಡ್ತು. ನಡುರಾತ್ರಿ ವ್ಯಾಪಾರವನ್ನಷ್ಟೇ ನಂಬಿದ ಹೋಟೆಲಿಗೆ ಹಗಲಿನ ಈ ದಾರಿ ಸಿಗಲಿಲ್ಲ.

ಎಲ್ಲರ ನೆನಪೂ ಒಂದೇ ಅಲ್ಲ

ಹಳೇ ಹೋಟೆಲಿನ ಮಾತು ಬಂದಾಗ ಕಣ್ಣು ತುಂಬಿಕೊಳ್ಳೋರು ಬಹುಪಾಲು ಗಂಡಸರು. ಇದನ್ನ ಹೇಳದೆ ಬಿಟ್ಟರೆ ಕತೆ ಅರ್ಧ ಆಗುತ್ತೆ.

ಹೆಂಗಸರು ನಾಟಕಕ್ಕೆ ಬರ್ತಿರಲಿಲ್ಲ ಅಂತ ಅಲ್ಲ. ಧಾರಾಳ ಬರ್ತಿದ್ರು. ಕರಪತ್ರದಲ್ಲೇ "ಹೆಂಗಸರಿಗೆ ಪ್ರತ್ಯೇಕ ಆಸನದ ವ್ಯವಸ್ಥೆ" ಅಂತ ಹಾಕಿಸ್ತಿದ್ರು. ಆದ್ರೆ ಆಟ ಬಿಟ್ಟ ಮೇಲೆ ಹೋಟೆಲಿಗೆ ನುಗ್ಗಿ ಬೆಂಚಿನ ಮೇಲೆ ಕೂತು ಹರಟೆ ಹೊಡೆಯೋದು ಅವರಿಗೆ ಇರಲಿಲ್ಲ. ಅವರದ್ದು ಮನೆಯಿಂದ ತಂದ ಬುತ್ತಿ, ಮಡಿಲಲ್ಲಿ ಮಲಗಿದ ಮಗು. ಕೆಲವು ಹೋಟೆಲಲ್ಲಿ ಪರದೆ ಹಾಕಿದ "ಫ್ಯಾಮಿಲಿ ರೂಮು" ಇತ್ತು, ಅಷ್ಟೇ. ಅದಕ್ಕೇ ನಿಮ್ಮ ಅಜ್ಜಿಯನ್ನ ಕೇಳಿ ನೋಡಿ. ಅವರು ಹಾಡು ಪೂರ್ತಿ ಹಾಡಿ ತೋರಿಸ್ತಾರೆ, ಯಾವ ಸೀರೆ ಉಟ್ಟು ನಟಿ ಬಂದಳು ಅಂತಲೂ ಹೇಳ್ತಾರೆ. ಹೋಟೆಲಿನ ಹೆಸರು ಕೇಳಿದ್ರೆ "ಅದು ನಿಮ್ಮ ಅಜ್ಜನಿಗೆ ಗೊತ್ತು" ಅಂತಾರೆ.

ಜಾತಿ ವಿಷಯ ಇನ್ನೂ ಕಹಿ. ಡೇರೆ ಒಳಗೆ ಕೂರೋ ಜಾಗವನ್ನ ಟಿಕೆಟ್ ನಿರ್ಧರಿಸ್ತಿತ್ತು. ನೆಲ, ಬೆಂಚು, ಕುರ್ಚಿ, ಎಲ್ಲ ದುಡ್ಡಿನ ಲೆಕ್ಕ. ಆದ್ರೆ ಹಳೇ ಹೋಟೆಲುಗಳಲ್ಲಿ ಎಲ್ಲಿ ಕೂರಬೇಕು, ಯಾವ ಲೋಟದಲ್ಲಿ ಕುಡಿಯಬೇಕು ಅನ್ನೋದನ್ನ ಜಾತಿ ನಿರ್ಧರಿಸ್ತಿತ್ತು. ಬ್ರಾಹ್ಮಣರಿಗೆ ಬೇರೆ ಕೋಣೆ ಇಟ್ಟ ಹೋಟೆಲುಗಳಿದ್ವು. ದಲಿತರಿಗೆ ಹೊರಗೆ ನಿಲ್ಲಿಸಿ ಬೇರೆ ಲೋಟದಲ್ಲಿ ಕೊಡೋದು ಇತ್ತು. 1955ರಲ್ಲಿ ಅಸ್ಪೃಶ್ಯತೆ ವಿರುದ್ಧ ಕಾನೂನು ಬಂದ ಮೇಲೂ ಇದು ಒಂದೇ ದಿನಕ್ಕೆ ನಿಲ್ಲಲಿಲ್ಲ. ಒಂದೇ ಹಾಡಿಗೆ ಒಟ್ಟಿಗೆ ವನ್ಸ್ ಮೋರ್ ಕೂಗಿದ ಇಬ್ಬರು, ಹತ್ತು ನಿಮಿಷದ ಮೇಲೆ ಒಂದೇ ಬೆಂಚಲ್ಲಿ ಚಹಾ ಕುಡಿಯೋ ಹಾಗಿರಲಿಲ್ಲ. ಅವರಿಬ್ಬರಿಗೂ ಆ ಹೋಟೆಲಿನ ನೆನಪು ಒಂದೇ ಇರೋಕೆ ಹೇಗೆ ಸಾಧ್ಯ?

ಮೇಜು ಒರೆಸೋ ಮಾಣಿಯನ್ನೂ ನೆನಪಿಸ್ಕೋಬೇಕು. ಹತ್ತು ಹನ್ನೆರಡರ ಹುಡುಗ, ರಾತ್ರಿ ಮೂರಕ್ಕೂ ಎಚ್ಚರ, ಬೆಳಗ್ಗೆ ಐದಕ್ಕೂ ಎಚ್ಚರ. ನಾಟಕದ ಹಾಡನ್ನ ಆತ ದೂರದಿಂದ ಕೇಳಿಯೇ ಬಾಯಿಪಾಠ ಮಾಡ್ಕೊಂಡಿರ್ತಿದ್ದ. ಹಳೇ ಹೋಟೆಲು ಮುಚ್ಚಿದ್ದಕ್ಕೆ ಬೇಜಾರು ಪಡೋಣ, ಆದ್ರೆ ಅಲ್ಲಿದ್ದ ಎಲ್ಲವೂ ವಾಪಸ್ ಬರಲಿ ಅಂತ ಯಾರೂ ಕೇಳೋ ಹಾಗಿಲ್ಲ.

ನ್ಯೂಯಾರ್ಕಿನಲ್ಲೂ ಇದೇ ಹಾಡು

ಇದು ನಮ್ಮೂರಿನ ಕತೆ ಮಾತ್ರ ಅಂತ ತಿಳ್ಕೋಬೇಡಿ. ಹಾಡಿನ ನಾಟಕಗಳಿಗೆ ಜಗತ್ತಲ್ಲೇ ಹೆಸರಾದ ನ್ಯೂಯಾರ್ಕಿನ ಬ್ರಾಡ್‌ವೇನಲ್ಲೂ ನಾಟಕಪ್ರಿಯರ ಮಾತು ಹೀಗೇ ಹೋಗುತ್ತೆ. ಅಲ್ಲಿ ಥಿಯೇಟರುಗಳ ನಡುವೆ 47ನೇ ಬೀದಿಯಲ್ಲಿ ಕೆಫೆ ಎಡಿಸನ್ ಅಂತ ಒಂದು ಸಾದಾ ಹೋಟೆಲು ಇತ್ತು. ಸೂಪು, ತಿಂಡಿ, ಕಡಿಮೆ ರೇಟು. ದೊಡ್ಡ ನಾಟಕಕಾರರೂ ಬರ್ತಿದ್ರು, ಕೆಲಸ ಸಿಗದ ನಟರೂ ಬರ್ತಿದ್ರು. ನೀಲ್ ಸೈಮನ್ ಅನ್ನೋ ಹೆಸರಾಂತ ನಾಟಕಕಾರ ಆ ಹೋಟೆಲನ್ನೇ ಮನಸಲ್ಲಿಟ್ಟು ಒಂದು ನಾಟಕ ಬರೆದ, 2001ರಲ್ಲಿ ಅದು ಬ್ರಾಡ್‌ವೇ ರಂಗ ಏರಿತು. ಆದ್ರೂ 2014ರ ಡಿಸೆಂಬರಿನಲ್ಲಿ ಆ ಹೋಟೆಲು ಮುಚ್ಚಿತು. ಕಟ್ಟಡದವರು ಜಾಗ ಬಿಡಿಸಿದ್ರು. ನಾಟಕದವರು ಸೇರಿ ಉಳಿಸೋಕೆ ಹೋರಾಟ ಮಾಡಿದ್ರು, ಆಗಲಿಲ್ಲ. ಊರು ಯಾವುದಾದ್ರೂ ಬಾಡಿಗೆ ಲೆಕ್ಕ ಒಂದೇ.

ಒಂದು ವ್ಯತ್ಯಾಸ ಮಾತ್ರ ಇದೆ. ಆ ಹೋಟೆಲಿನ ಬಗ್ಗೆ ನಾಟಕ ಇದೆ, ಫೋಟೋ ಇದೆ, ಪತ್ರಿಕೆ ವರದಿ ಇದೆ. ನಮ್ಮ ಮೂಲೆ ಹೋಟೆಲಿನ ಬಗ್ಗೆ ಇರೋದು ಎಪ್ಪತ್ತು ದಾಟಿದ ಕೆಲವರ ನೆನಪು ಅಷ್ಟೇ.

ಈಗ ಏನು ಉಳಿದಿದೆ? ಏನು ಮಾಡಬಹುದು?

ಕಂಪನಿ ನಾಟಕ ಪೂರ್ತಿ ಸತ್ತಿಲ್ಲ. ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆಗೆ ಹೋದ್ರೆ ಈಗಲೂ ಸಾಲು ಸಾಲು ಕಂಪನಿಗಳ ಡೇರೆ ಕಾಣುತ್ತೆ. ರಾತ್ರಿಯಿಡೀ ಆಟ, ಪಕ್ಕದಲ್ಲೇ ಬಜ್ಜಿ, ಚಹಾ, ರೊಟ್ಟಿ. ಶಿರಸಿಯ ಮಾರಿಕಾಂಬಾ ಜಾತ್ರೆಯಲ್ಲೂ ಕ್ಯಾಂಪು ಇರುತ್ತೆ. ನಾಟಕ ಮತ್ತು ಒಲೆ ಜೊತೆಗೇ ಬದುಕೋದು ಹೇಗಿತ್ತು ಅಂತ ನೋಡಬೇಕು ಅನ್ನೋರು ಅಲ್ಲಿಗೆ ಹೋಗಬಹುದು. ನಮ್ಮ ಜಿಲ್ಲೆಯ ಕೊಂಡಜ್ಜಿಗೆ ವೃತ್ತಿ ರಂಗಭೂಮಿಗಾಗಿಯೇ ರಂಗಾಯಣ ಬಂದಿದೆ. ಹಳೇ ರಂಗಗೀತೆಗಳನ್ನ ಆರ್. ಪರಮಶಿವನ್ ಅಂಥವರು ಹೊಸ ತಲೆಮಾರಿಗೆ ಕಲಿಸಿ ಹೋದ್ರು. ಹಾಡಿಗೆ ಒಂದಿಷ್ಟು ಕಾವಲು ಇದೆ.

ಹಾಡಿನ ಸುತ್ತ ಇದ್ದ ಊರಿಗೆ ಕಾವಲು ಇಲ್ಲ. ಯಾವ ಮೈದಾನದಲ್ಲಿ ಯಾವ ಕಂಪನಿ ಎಷ್ಟು ತಿಂಗಳು ಇತ್ತು, ಎದುರಿಗೆ ಯಾರ ಹೋಟೆಲು ಇತ್ತು, ಅದು ಯಾವಾಗ ಮುಚ್ಚಿತು ಅನ್ನೋದು ಯಾವ ಸರ್ಕಾರಿ ಕಡತದಲ್ಲೂ ಹುಡುಕಿದ್ರೆ ಒಟ್ಟಿಗೆ ಸಿಗಲ್ಲ. ಏಣಗಿ ಬಾಳಪ್ಪನವರು 2017ರಲ್ಲಿ ತೀರಿಕೊಂಡಾಗ ನೂರು ವರ್ಷ ದಾಟಿದ್ರು. ಅವರ ಬದುಕಿನ ಬಗ್ಗೆ ಬರಹಗಳಾದ್ರೂ ಇವೆ. ಅವರ ಆಟ ನೋಡಿ ಬಂದ ಪ್ರೇಕ್ಷಕರ, ಅವರಿಗೆ ಚಹಾ ಕೊಟ್ಟ ಹೋಟೆಲಿನವರ ನೆನಪು ದಿನಕ್ಕಿಷ್ಟು ಅಂತ ಖಾಲಿ ಆಗ್ತಾ ಇದೆ.

ಇದಕ್ಕೆ ದೊಡ್ಡ ಯೋಜನೆ ಬೇಕಾಗಿಲ್ಲ. ಮನೆಯಲ್ಲಿ ಹಿರಿಯರಿದ್ರೆ ಒಂದು ಸಂಜೆ ಮೊಬೈಲಿನ ರೆಕಾರ್ಡರ್ ಆನ್ ಮಾಡಿ ಕೂತರೆ ಸಾಕು. "ನಾಟಕದ ಬಗ್ಗೆ ಹೇಳಿ" ಅಂದ್ರೆ ಅವರು ಎರಡು ಮಾತಲ್ಲಿ ಮುಗಿಸ್ತಾರೆ. ಕೇಳೋ ರೀತಿ ಬೇರೆ ಇದೆ:

- ಡೇರೆ ಎಲ್ಲಿ ಹಾಕ್ತಿದ್ರು? ಈಗ ಆ ಜಾಗದಲ್ಲಿ ಏನಿದೆ?
- ಆಟ ಬಿಟ್ಟ ಮೇಲೆ ಎಲ್ಲಿಗೆ ಹೋಗ್ತಿದ್ರಿ? ಏನು ತಿಂತಿದ್ರಿ? ದುಡ್ಡು ಯಾರು ಕೊಡ್ತಿದ್ರು?
- ಆ ಹೋಟೆಲಿನ ಒಳಗೆ ಯಾರು ಕೂರಬಹುದಿತ್ತು, ಯಾರು ಹೊರಗೆ ನಿಲ್ಲಬೇಕಿತ್ತು?
- ಯಾವ ಹಾಡಿಗೆ ವನ್ಸ್ ಮೋರ್ ಬೀಳ್ತಿತ್ತು? ನಾಲ್ಕು ಸಾಲು ಹಾಡ್ತೀರಾ?
- ಹೋಟೆಲು ಮುಚ್ಚಿದ ಮೇಲೆ ಅಲ್ಲಿಯ ಅಡುಗೆಯವರು ಎಲ್ಲಿ ಹೋದ್ರು?

ಅಟ್ಟದ ಮೇಲೆ ಹಳೇ ಕರಪತ್ರ ಸಿಕ್ಕರೆ ಎಸೀಬೇಡಿ. ಎಷ್ಟೋ ಕರಪತ್ರದಲ್ಲಿ ವಾರ, ತಾರೀಖು ಇರುತ್ತೆ, ಇಸವಿ ಇರಲ್ಲ. ಆದ್ರೆ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಪ್ರಿಂಟಿಂಗ್ ಪ್ರೆಸ್ಸಿನ ಹೆಸರು ಇರುತ್ತೆ, ಅದರಿಂದ ಕಾಲ ಹಿಡಿಯಬಹುದು. ಹಿಂಭಾಗವನ್ನೂ ನೋಡಿ. ಹೋಟೆಲಿನ ಗುಮಾಸ್ತರು ಅದರ ಹಿಂದೆಯೇ ಚಹಾದ ಲೆಕ್ಕ ಬರೆದಿರೋದೂ ಉಂಟು. ಎದುರಿಗೆ ನಾಟಕ, ಹಿಂದೆ ಉದ್ರಿ. ಎರಡನ್ನೂ ಸೇರಿಸಿ ಫೋಟೋ ತೆಗೆದಿಟ್ಟುಕೊಳ್ಳಿ.